ಗದ್ದ ಹಿಡಿದವನ ಪಾಲು

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಕುದುರೆ ಜೀನು ಹೊಲಿಯುವವರ ಓಣಿಗೆ ತಿರುಗುವ ಮೂಲೆಯಲ್ಲಿ ಪ್ರಹ್ಲಾದರಾಯರ ಹಲ್ಲಿನ ದವಾಖಾನೆ ಇತ್ತು. ಮುಂದೊಂದು ಪಡಸಾಲೆ, ಒಳಗೊಂದು ಕೋಣೆ, ಹಿಂದೆ ಬೇವಿನ ಗಿಡವಿದ್ದ ಸಣ್ಣ ಹಿತ್ತಲು. ದವಾಖಾನೆ ಎಂದರೆ ಅಷ್ಟೇ. ಪಡಸಾಲೆಯಲ್ಲಿ ರಾಯರ ಗಾದಿ ಮತ್ತು ಲೆಕ್ಕದ ಪುಸ್ತಕ, ಒಳಕೋಣೆಯಲ್ಲಿ ತೇಗದ ದೊಡ್ಡ ಕುರ್ಚಿ. ದಂಡಿನ ಆಸ್ಪತ್ರೆಯಲ್ಲಿ ಹಲ್ಲು ನೋಡುವ ದೊರೆಯೊಬ್ಬ ವಿಲಾಯತಿಗೆ ಮರಳುವಾಗ, ತನ್ನ ಕೈಕೆಳಗೆ ಹದಿನೈದು ವರ್ಷ ಔಷಧ ಕಲಸಿದ ರಾಯರಿಗೆ ಆ ಕುರ್ಚಿಯನ್ನೂ ಒಂದು ಪೆಟ್ಟಿಗೆ ಇಕ್ಕಳಗಳನ್ನೂ ಬಿಟ್ಟುಹೋಗಿದ್ದ. ಧಾತು ಸಂವತ್ಸರದ ಬರ ಕಳೆದು ಐದಾರು ವರ್ಷಕ್ಕೆ ರಾಯರು ಈ ಬಾಗಿಲು ತೆರೆದರು.

ರಾಯರಿಗೆ ಹಲ್ಲಿನ ವಿದ್ಯೆ ಚೆನ್ನಾಗಿಯೇ ಗೊತ್ತಿತ್ತು. ಯಾವ ಹಲ್ಲಿಗೆ ಎಷ್ಟು ಬೇರು, ಯಾವುದನ್ನು ಕೀಳಬೇಕು, ಯಾವುದಕ್ಕೆ ಲವಂಗದೆಣ್ಣೆ ಸಾಕು ಎಂಬುದನ್ನೆಲ್ಲ ಬಲ್ಲವರು. ಆದರೆ ಅವರು ಮಡಿವಂತರು. ಬಾಯಿ ಎಂದರೆ ಎಂಜಲು. ಕಂಡವರ ಎಂಜಲಿಗೆ ಬೆರಳಿಟ್ಟು ದೇವರ ಮುಂದೆ ಕೂರುವುದು ಹೇಗೆ? ರೋಗಿಯನ್ನು ಬಾಗಿಲ ಬಿಸಿಲಿಗೆ ಕೂರಿಸಿ, ಮಾರು ದೂರ ನಿಂತು, ಬಿದಿರ ಕಡ್ಡಿಯಿಂದ ತೋರಿಸಿ, "ಎಡಗಡೆ, ಹಿಂದಿನಿಂದ ಎರಡನೇದು" ಎನ್ನುವರು. ಅಲ್ಲಿಗೆ ಅವರ ಕೆಲಸ ಮುಗಿಯಿತು. ಒಳಕೋಣೆಯ ಹೊಸ್ತಿಲನ್ನು ಅವರು ತುಳಿದದ್ದೇ ಇಲ್ಲ. ಒಳಗಿನಿಂದ ಒಂದು ನರಳು ಕೇಳುತ್ತಿತ್ತು. ಆಮೇಲೆ ಗಂಗಕ್ಕ ಪಿಂಗಾಣಿ ಬಟ್ಟಲಲ್ಲಿ ಹಲ್ಲು ತಂದು ತೋರಿಸುತ್ತಿದ್ದಳು. ರಾಯರು ಅದನ್ನು ಕಡ್ಡಿಯಿಂದಲೇ ಹೊರಳಿಸಿ ನೋಡಿ, ಬೇರು ಪೂರ್ತಿ ಬಂದಿದ್ದರೆ ತಲೆಯಾಡಿಸುವರು.

ಒಳಗೆ ಕೆಲಸ ಮಾಡುವವರು ಇಬ್ಬರು. ಕುರುಗೋಡಿನ ಜಂಬಣ್ಣ ಹಲ್ಲು ಕೀಳುವವನು. ಹಡಪದವರ ಮನೆಯಲ್ಲಿ ಹುಟ್ಟಿ, ಸಣ್ಣಂದಿನಿಂದ ಕತ್ತಿ ಕತ್ತರಿ ಹಿಡಿದು ಪಳಗಿದ ಕೈ. ಸಿರುಗುಪ್ಪದ ದುರುಗಣ್ಣ ಗದ್ದ ಹಿಡಿಯುವವನು. ಜಂಬಣ್ಣನಿಗಿಂತ ಎಂಟು ವರ್ಷ ಹಿರಿಯ. ಮೊದಲು ಅವನು ಎತ್ತುಗಳಿಗೆ ಲಾಳ ಹೊಡೆಯುವವರ ಜೊತೆ ಇದ್ದ. ಕೆಡವಿದ ಎತ್ತಿನ ತಲೆ ಮಿಸುಕದಂತೆ ಹಿಡಿದು ಕೂರುವುದು ಅಲ್ಲಿ ಅವನ ಕೆಲಸವಾಗಿತ್ತು. ಗಂಗಕ್ಕ ರಕ್ತದ ಬಟ್ಟೆ ಒಗೆದು, ಲವಂಗ ಪಟಿಕ ಅರೆದು, ಹೆಂಗಸರು ಬಂದರೆ ಅವರ ಕೈ ಹಿಡಿದು ಕೂರುವವಳು. ಗಂಡ ಸತ್ತ ಮೇಲೆ ಬಾಯೊಂದೇ ತನಗೆ ಉಳಿದ ಆಸ್ತಿ ಎಂದು ತಾನೇ ಹೇಳಿಕೊಳ್ಳುತ್ತಿದ್ದಳು.

ರೋಗಿ ಕುರ್ಚಿಯಲ್ಲಿ ಕೂತರೆ ದುರುಗಣ್ಣ ಹಿಂದೆ ಬಂದು ನಿಲ್ಲುವನು. ಯಾವ ಊರು, ಮಳೆ ಹೇಗೆ, ಮನೆಯ ಎತ್ತು ಎಷ್ಟು ಹಲ್ಲಿನದು ಎಂದು ಮಾತಾಡಿಸುತ್ತಲೇ ಗದ್ದಕ್ಕೆ ಕೈ ಕೊಡುವನು. ಆ ತಲೆ ಗೋಡೆಗೆ ಕಟ್ಟಿದ ಕಲ್ಲಿನ ಹಾಗೆ ನಿಂತುಬಿಡುತ್ತಿತ್ತು. ಜಂಬಣ್ಣ ಇಕ್ಕಳ ಹಾಕಿ ಕಾಯುವನು. ಯಾವುದೋ ಒಂದು ಗಳಿಗೆಗೆ ಹಿಂದಿನಿಂದ "ಹೂಂ" ಎಂದು ಸಣ್ಣಗೆ ಬರುತ್ತಿತ್ತು. ಆಗ ತಿರುವಿ ಎಳೆದರೆ ಹಲ್ಲು ಬೇರುಸಹಿತ ಕೈಗೆ. ಹತ್ತು ವರ್ಷ ಹೀಗೇ ನಡೆದಿತ್ತು. ಆ ಹೂಂ ಯಾವಾಗ ಬರುತ್ತದೆ, ಯಾಕೆ ಬರುತ್ತದೆ ಎಂದು ಜಂಬಣ್ಣ ಒಮ್ಮೆಯೂ ಕೇಳಿರಲಿಲ್ಲ. ಅದು ಬರುತ್ತಿತ್ತು, ಅವನು ಎಳೆಯುತ್ತಿದ್ದ.

ನಂದನ ಸಂವತ್ಸರದ ದಸರೆಯ ಮಾರನೆಯ ದಿನ ಅರಳೆ ಪ್ರೆಸ್ಸಿನ ಗುಮಾಸ್ತ ನರಸಿಂಹರಾಯರು ಬನ್ನಿ ಕೊಡಲು ಬಂದವರು ಪಡಸಾಲೆಯಲ್ಲಿ ಕೂತರು.

"ನಮ್ಮ ಪ್ರೆಸ್ಸಿನ್ಯಾಗ ಈಗ ಒತ್ತಿ ಕಟ್ಟಿದ ಒಂದೊಂದು ಅರಳಿ ಬೇಲಿಗೆ ಇಷ್ಟು ಅಂತ ಇನಾಮು ಇಟ್ಟೇವಿ" ಎಂದರು ಅವರು. "ಮೊದಲು ದಿನಕ್ಕ ನಲವತ್ತು ಬೇಲು ಆಗ್ತಿತ್ತು. ಈಗ ಅರವತ್ತು. ಮಂದಿ ಉಂಡ ಕೈ ತೊಳಿಲಿಕ್ಕೂ ಹೊತ್ತು ಹಾಕೂದಿಲ್ಲ."

"ಅದು ಅರಳಿ. ಇದು ಹಲ್ಲು" ಎಂದರು ಪ್ರಹ್ಲಾದರಾಯರು.

"ಎಣಿಸಲಿಕ್ಕೆ ಬರ್ತದೋ ಇಲ್ಲೋ?"

"ಎಣಿಸಲಿಕ್ಕೇನು, ಬರ್ತದ."

"ಮತ್ತ."

ರಾಯರ ಮನಸ್ಸಿನಲ್ಲಿ ಲೋಭವಿರಲಿಲ್ಲ. ಹತ್ತು ವರ್ಷದಲ್ಲಿ ದವಾಖಾನೆಯ ಹೆಸರು ಆದವಾನಿಯ ತನಕ ಹೋಗಿತ್ತು, ಆದರೆ ಒಳಗಿನವರ ಸಂಬಳ ಒಂದೇ ಒಂದು ರೂಪಾಯಿ ಏರಿತ್ತು. ನಾಲ್ಕು ಕಾಸು ಹೆಚ್ಚಿಗೆ ಕೊಡಬೇಕು, ಕೊಟ್ಟದ್ದು ದುಡಿದವನ ಕೈಗೆ ಸಲ್ಲಬೇಕು ಎಂದು ಅವರಿಗೂ ಅನಿಸುತ್ತಿತ್ತು. ಶನಿವಾರ ಸಂಜೆ ಬಾಗಿಲು ಹಾಕುವ ಮುಂಚೆ ಮೂವರನ್ನೂ ಪಡಸಾಲೆಗೆ ಕರೆದರು.

"ಇನ್ನ ಮ್ಯಾಲೆ ಸಂಬಳದ ಹೊರಗ ಇನಾಮು ಕೊಡ್ತೇನಿ. ಬೇರುಸಹಿತ ಬಂದ ಒಂದೊಂದು ಹಲ್ಲಿಗೆ ಅರ್ಧಾಣೆ. ಮುರದದ್ದಕ್ಕ ಇಲ್ಲ. ಶನಿವಾರಕ್ಕ ಶನಿವಾರ ಲೆಕ್ಕ." ಪುಸ್ತಕ ಬಿಚ್ಚಿ ಲೆಕ್ಕಣಿಕೆ ಎತ್ತಿದರು. "ಹೆಸರು ಬರಕೊಳ್ತೇನಿ. ಹಲ್ಲು ಕೀಳವರು ಯಾರು?"

ಜಂಬಣ್ಣನ ಬಲಗಡೆ ದುರುಗಣ್ಣ ನಿಂತಿದ್ದ. ಅವನು ತನ್ನ ಮುಖ ನೋಡಿದ್ದು ಜಂಬಣ್ಣನಿಗೆ ಕಣ್ಣಂಚಿನಲ್ಲಿ ಕಂಡಿತು.

"ನಾನ್ರಿ" ಎಂದ ಜಂಬಣ್ಣ.

ರಾಯರು ಬರೆದುಕೊಂಡರು. ಗಂಗಕ್ಕನಿಗೆ ವಾರಕ್ಕೊಂದಾಣೆ ಎಂದು ಬರೆದರು. ಆಮೇಲೆ ದುರುಗಣ್ಣನ ಕಡೆ ತಿರುಗಿ, "ನಿನಗ ದೀಪಾವಳಿಗೆ ಒಂದು ಜೋಡಿ ಧೋತರ ಕೊಡಸ್ತೇನಿ" ಎಂದರು. ದುರುಗಣ್ಣ ಕೈ ಮುಗಿದ.

ಹೊರಗೆ ಬಂದ ಜಂಬಣ್ಣ ಮೆಟ್ಟಿಲ ಹತ್ತಿರ ನಿಂತ. ಒಳಗೆ ಹೋಗಿ, ರಾಯರೇ, ಗದ್ದ ಹಿಡಿಯದೆ ಹಲ್ಲು ಬರುವುದಿಲ್ಲ, ಇದರಲ್ಲಿ ಅರ್ಧ ಇವನದು ಎಂದು ಹೇಳಬೇಕು ಅನಿಸಿತು. ಆದರೆ ರಾಯರು ಪುಸ್ತಕ ಮುಚ್ಚಿದ್ದರು, ಸಂಧ್ಯಾವಂದನೆಯ ಹೊತ್ತಾಗಿತ್ತು. ಬರುವ ಶನಿವಾರ ಹೇಳಿದರಾಯಿತು ಎಂದುಕೊಂಡ.

ಮೊದಲ ವಾರ ಇಪ್ಪತ್ತೆರಡು ಹಲ್ಲು ಬಂದವು. ಹನ್ನೊಂದಾಣೆ. ಜಂಬಣ್ಣ ಹಿತ್ತಲಿನ ಬೇವಿನ ಕೆಳಗೆ ಬೀಡಿ ಸೇದುತ್ತ ಕೂತಿದ್ದ ದುರುಗಣ್ಣನ ಹತ್ತಿರ ಹೋಗಿ ಐದಾಣೆ ಮುಂದೆ ಹಿಡಿದ.

"ಏನಿದು?"

"ನಿನ್ನದು, ತಗೋಳಣ್ಣ."

ದುರುಗಣ್ಣ ಕಾಸು ನೋಡಿದ, ಮುಟ್ಟಲಿಲ್ಲ. "ಲೇ ಜಂಬಾ, ರಾಯರು ಕೊಟ್ರ ಅದು ಪಾಲು. ನೀ ಕೊಟ್ರ ದಾನ ಆಗತೈತಿ. ನಾ ಇನ್ನೂ ದಾನ ತಗೊಳ್ಳೂ ಹಂತಕ್ಕ ಬಂದಿಲ್ಲ."

"ಹಂಗ್ಯಾಕ ಅಂತೀ."

"ಹಂಗ ಐತಿ, ಹಂಗ ಅಂತೀನಿ. ಒಂದು ಮಾತು ರಾಯರ ಕಿವಿಗೆ ಹಾಕು. ಹಾಕೂದಾದ್ರ."

"ಹಾಕ್ತೀನಿ. ಹೊತ್ತು ನೋಡಿ ಹಾಕ್ತೀನಿ."

"ಹೂಂ, ಪಂಚಾಂಗ ತರಸು" ಎಂದು ದುರುಗಣ್ಣ ನಕ್ಕ. ಆ ದಿನಕ್ಕೆ ಅದು ನಗುವೇ ಆಗಿತ್ತು.

ಜಂಬಣ್ಣನಿಗೂ ಒಂದು ಆಸೆ ಇತ್ತು. ಅವನ ಹೆಂಡತಿ ಕೊಟ್ರಮ್ಮ ಮದುವೆಯಾದಾಗಿನಿಂದ ಕುರುಗೋಡಿನಲ್ಲಿ ಅವನ ಅಣ್ಣನ ಮನೆಯಲ್ಲೇ ಇದ್ದಳು. ಆರು ವರ್ಷದಲ್ಲಿ ಗಂಡಹೆಂಡತಿ ಒಂದು ಸೂರಿನ ಕೆಳಗೆ ಕಳೆದ ದಿನಗಳನ್ನು ಎಣಿಸಿದರೆ ನಾಲ್ಕು ತಿಂಗಳೂ ಆಗುತ್ತಿರಲಿಲ್ಲ. ಇನಾಮು ವಾರಕ್ಕೆ ಹತ್ತು ಹನ್ನೆರಡಾಣೆ ಬೀಳತೊಡಗಿದ ಮೇಲೆ ಅವನು ಬಜಾರಿನ ಹಿಂದೆ ತಿಂಗಳಿಗೆ ಒಂದೂವರೆ ರೂಪಾಯಿಗೆ ಕೋಣೆ ಹಿಡಿದು, ಕಾರ್ತೀಕದಲ್ಲಿ ಅವಳನ್ನು ಕರೆತಂದ. ಪಾಲು ಅರ್ಧವಾದರೆ ಕೋಣೆ ಉಳಿಯುವುದಿಲ್ಲ. ಇದನ್ನು ಅವನು ಮನಸ್ಸಿನಲ್ಲೂ ಪೂರ್ತಿ ಹೇಳಿಕೊಂಡವನಲ್ಲ; ಶನಿವಾರ ಬಂದಾಗ ರಾಯರಿಗೆ ತಲೆನೋವಿರುತ್ತಿತ್ತು, ಇಲ್ಲವೇ ಏಕಾದಶಿಯ ಉಪವಾಸವಿರುತ್ತಿತ್ತು, ಇಲ್ಲವೇ ಯಾರೋ ಬಂದು ಕೂತಿರುತ್ತಿದ್ದರು.

"ದುರುಗಣ್ಣ ಮಾವಗೂ ಇನಾಮು ಸಿಗತೈತಿಲ್ಲ?" ಎಂದು ಕೊಟ್ರಮ್ಮ ಒಂದು ದಿನ ರೊಟ್ಟಿ ತಟ್ಟುತ್ತ ಕೇಳಿದಳು.

"ಅವಂದು ಬ್ಯಾರೆ ಲೆಕ್ಕ" ಎಂದ ಜಂಬಣ್ಣ.

ದುರುಗಣ್ಣ ಹೊತ್ತಿಗೆ ಸರಿಯಾಗಿ ಬರುತ್ತಿದ್ದ, ಕುರ್ಚಿಯ ಹಿಂದೆ ನಿಲ್ಲುತ್ತಿದ್ದ, ಗದ್ದ ಹಿಡಿಯುತ್ತಿದ್ದ. ಆದರೆ ರೋಗಿಗಳನ್ನು ಮಾತಾಡಿಸುವುದು ನಿಂತಿತು. ಪುಷ್ಯದ ಹೊತ್ತಿಗೆ ಹಿಂದಿನಿಂದ ಬರುತ್ತಿದ್ದ ಹೂಂ ಕೂಡ ನಿಂತಿತು. ಜಂಬಣ್ಣ ಕಾದು ಕಾದು ತಾನೇ ಅಂದಾಜಿನ ಮೇಲೆ ಎಳೆಯುತ್ತಿದ್ದ. ಕೆಲವು ಬಂದವು. ಕೆಲವು ಬುಡದಲ್ಲಿ ಲಟಕ್ಕೆಂದು ಮುರಿದವು. ಒಂದು ವಾರದಲ್ಲಿ ಏಳು ಹಲ್ಲು ಮುರಿದಾಗ ಗಂಗಕ್ಕ ಬಟ್ಟಲು ತೊಳೆಯುತ್ತ, "ಏನ್ರಪ್ಪಾ, ಹಲ್ಲು ಕೀಳಾಕ ಹತ್ತೀರೋ ಕಡ್ಲಿ ಒಡಿಯಾಕ ಹತ್ತೀರೋ" ಎಂದಳು.

ಜಂಬಣ್ಣ ಇಕ್ಕಳವನ್ನು ಮೇಜಿನ ಮೇಲೆ ಕುಕ್ಕಿದ. "ಬಿಗಿ ಹಿಡಿಯಂಗಿಲ್ಲಲ್ಲ ಇಂವ. ನಾ ಏನು ಮಾಡ್ಲಿ."

"ಹಿಡಿದೀನಲ್ಲ" ಎಂದ ದುರುಗಣ್ಣ.

"ಇದು ಹಿಡಿಯೂ ರೀತಿ ಏನು?"

"ಆರು ರೂಪಾಯಿ ಸಂಬಳಕ್ಕ ಎಷ್ಟು ಹಿಡಿಬೇಕೋ ಅಷ್ಟು ಹಿಡಿದೀನಿ. ಅರ್ಧಾಣೆದ್ದು ನಿನ್ನ ಕೈಯಾಗ ಐತಿ, ನೀ ಹಿಡಕೋ."

ಜಂಬಣ್ಣನಿಗೆ ಕೋಪ ಬಂದಿತು. ಆ ಕೋಪದ ಅಡಿಯಲ್ಲಿ ಬೇರೆ ಏನೋ ಇತ್ತು, ಅದಕ್ಕೇ ಮಾತು ಹದ ತಪ್ಪಿತು. "ಎತ್ತಿನ ಮೂತಿ ಹಿಡಿದವಗ ಮನಿಷ್ಯಾರ ಮೂತಿ ಏನು ತಿಳಿತೈತಿ ಬಿಡು."

ಗಂಗಕ್ಕ ಬಟ್ಟಲನ್ನು ಹಾಗೇ ಹಿಡಿದು ನಿಂತಳು. ದುರುಗಣ್ಣ ಹೆಗಲ ಮೇಲಿನ ಟವೆಲಿನಿಂದ ಕೈ ಒರೆಸಿಕೊಂಡ, ನಿಧಾನವಾಗಿ, ಒಂದೊಂದು ಬೆರಳನ್ನೂ ಬಿಡಿಸಿ. "ತಿಳಿಯಂಗಿಲ್ಲ" ಎಂದ. "ಹತ್ತು ವರ್ಷ ತಿಳಿದಿತ್ತು. ಈಗ ತಿಳಿಯವಲ್ದು."

ಆ ಶನಿವಾರ ಅವನೇ ರಾಯರ ಮುಂದೆ ಹೋಗಿ ನಿಂತ. ಜಂಬಣ್ಣ ಒಳಕೋಣೆಯ ಬಾಗಿಲಲ್ಲಿದ್ದ, ಎಲ್ಲ ಕೇಳುತ್ತಿತ್ತು.

"ರಾಯರೆ, ನಾ ಹಲ್ಲು ಕಿತ್ರ ನನಗೂ ಇನಾಮು ಕೊಡ್ತೀರೇನ್ರಿ?"

"ಯಾಕ ಕೊಡಬಾರದು? ನಿನಗ ಕೀಳಲಿಕ್ಕೆ ಬರ್ತದೇನೋ?"

"ಹತ್ತು ವರ್ಷ ನೋಡೀನ್ರಿ."

ಇನಾಮು ಇಟ್ಟದ್ದಕ್ಕೆ ಒಬ್ಬನಿಗೆ ಹುರುಪು ಬಂದಿದೆ, ಕಲಿಯುತ್ತೇನೆ ಎನ್ನುತ್ತಿದ್ದಾನೆ ಎಂದು ರಾಯರಿಗೆ ಸಂತೋಷವೇ ಆಯಿತು. ಸಿರುಗುಪ್ಪದ ಸೀಮೆಯಿಂದ ಬಂಡಿ ಕಟ್ಟಿಕೊಂಡು ಬರುವವರು ಬಹಳ, ಇವನು ಅಲ್ಲಿಯವನೇ. ಹಳೆಯ ಎರಡು ಇಕ್ಕಳ, ಒಂದು ಸೀಸೆ ಲವಂಗದೆಣ್ಣೆ ಕೊಟ್ಟು, ವಾರವಾರ ಸಿರುಗುಪ್ಪದ ಸಂತೆಯಲ್ಲಿ ಕೂರಲು ಹೇಳಿದರು. ಕಿತ್ತ ಹಲ್ಲು ಬಟ್ಟೆಯಲ್ಲಿ ಕಟ್ಟಿ ತಂದು ತೋರಿಸಬೇಕು. ಒಂದಕ್ಕೆ ಅರ್ಧಾಣೆ.

"ಅಲ್ಲಿ ಹಿಂದ ಹಿಡಿಯವರು ಯಾರಾದ್ರೂ ಬೇಕೇನು?" ಎಂದು ರಾಯರು ಕೇಳಿದರು. ಕೇಳಿದ್ದು ದುರುಗಣ್ಣನನ್ನು, ಆದರೆ ಕಣ್ಣು ಬಾಗಿಲಲ್ಲಿದ್ದ ಜಂಬಣ್ಣನ ಕಡೆಗೂ ಹರಿಯಿತು, ಕೆಲಸ ಬಲ್ಲವನು ಅವನೇ ಎಂಬಂತೆ.

ಬೇಕು, ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ ಎಂಬ ಮಾತು ಜಂಬಣ್ಣನ ನಾಲಗೆಯ ತನಕ ಬಂದಿತ್ತು. ಅದನ್ನು ಹೇಳಿದರೆ ಹಿಂದಿನದೂ ಹೇಳಬೇಕಾಗುತ್ತಿತ್ತು. ಅವನು ಬಟ್ಟಲಿನ ನೀರು ಚೆಲ್ಲಲು ಹಿತ್ತಲಿಗೆ ಹೋದ.

"ಬ್ಯಾಡ್ರಿ" ಎಂದ ದುರುಗಣ್ಣ. "ಹಿಡಿಯೂದು ಏನು ದೊಡ್ಡ ಕೆಲಸ ಅಲ್ರಿ."

ಮಾಘ ಕಳೆಯಿತು. ಸಿರುಗುಪ್ಪದಲ್ಲಿ ತಂಗಿಯ ಮನೆಯಲ್ಲೇ ನಿಂತ ದುರುಗಣ್ಣ ವಾರಕ್ಕೊಮ್ಮೆ ಬಳ್ಳಾರಿಗೆ ಬಂದು ಬಟ್ಟೆಯ ಗಂಟು ಬಿಚ್ಚುತ್ತಿದ್ದ. ಆರು ಹಲ್ಲು, ಎಂಟು ಹಲ್ಲು. ಮೂರೋ ನಾಲ್ಕೋ ಆಣೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಗಂಗಕ್ಕನ ಜೊತೆ ಎರಡು ಮಾತಾಡಿ, ಜಂಬಣ್ಣನ ಕಡೆ ನೋಡದೆ ಹೋಗುತ್ತಿದ್ದ. ಒಳಕೋಣೆಯಲ್ಲಿ ಈಗ ಗಂಗಕ್ಕನೇ ಗದ್ದ ಹಿಡಿಯುತ್ತಿದ್ದಳು. ಅವಳ ಕೈ ಸಣ್ಣವು. ದೊಡ್ಡ ಆಳು ಕೊಸರಿದರೆ ಅವಳೂ ಅವನ ಜೊತೆ ಅತ್ತಿತ್ತ ಹೋಗುತ್ತಿದ್ದಳು. ಮುರಿಯುವ ಹಲ್ಲು ಇನ್ನೂ ಹೆಚ್ಚಾದವು.

"ನಿಮ್ಮ ಜಗಳದಾಗ ನನ್ನ ರಟ್ಟಿ ಹೋಗ್ಯಾವು" ಎಂದಳು ಅವಳು ಒಂದು ದಿನ. "ಕೇಳಿದ್ರ ಕೇಳು, ಬಿಟ್ರ ಬಿಡು. ಆ ರಾಯರು ಏನು ಹುಲಿ ಏನಪಾ? ಹೇಳೂದು ಹೇಳಬಾರದ?"

"ಹೇಳ್ತೀನಿ ಅಕ್ಕ."

"ಹೇಳು. ನನ್ನ ಹೆಣ ಎತ್ತೂದ್ರಾಗ ಹೇಳು."

ಶಿವರಾತ್ರಿ ಕಳೆದು ನಾಲ್ಕನೆಯ ದಿನ, ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಒಂದು ಕಮಾನು ಬಂಡಿ ಬಂದು ನಿಂತಿತು. ಮುಂದೆ ಒಬ್ಬ ಹೆಂಗಸು ಕೂತಿದ್ದಳು. ಹಿಂದೆ ಹುಲ್ಲಿನ ಮೇಲೆ ಒಬ್ಬ ಗಂಡಸು ಮಲಗಿದ್ದ. ಅವನ ತಲೆ ದುರುಗಣ್ಣನ ತೊಡೆಯ ಮೇಲಿತ್ತು. ಎರಡು ಅಂಗೈಯ ನಡುವೆ ದುರುಗಣ್ಣ ಆ ತಲೆಯನ್ನು ಹಿಡಿದಿದ್ದ.

ಸಿರಿಗೇರಿಯ ಗವಿಸಿದ್ದಪ್ಪ, ಮೆಣಸಿನಕಾಯಿ ಮಾರಲು ಸಂತೆಗೆ ಬಂದವನು. ಹತ್ತು ದಿನದ ಹಿಂದೆ ದುರುಗಣ್ಣನ ಮುಂದೆ ಕೂತು ಕೆಳಗಿನ ದವಡೆ ಹಲ್ಲು ಕೀಳಿಸಿಕೊಂಡಿದ್ದ. ಎಳೆದಾಗ ತಲೆ ಹಲ್ಲಿನ ಜೊತೆಗೇ ಬಂದಿತು. ಹಿಂದೆ ಹಿಡಿಯುವವರು ಯಾರೂ ಇರಲಿಲ್ಲ. ಹಲ್ಲು ಅರ್ಧ ಬಂದಿತು, ಅರ್ಧ ಒಳಗೇ ಉಳಿಯಿತು, ದವಡೆ ಚಟ್ ಎಂದಿತು. ಈಗ ಗದ್ದದ ಕೆಳಗಿನಿಂದ ಎದೆಯ ಮೇಲಿನ ತನಕ ಊದಿ, ತೊಗಲು ಬಿಗಿದು ಮಿಂಚುತ್ತಿತ್ತು. ನಾಲಗೆ ಮೇಲಕ್ಕೆದ್ದು ಉಸಿರು ಸಿಳ್ಳಿನ ಹಾಗೆ ಬರುತ್ತಿತ್ತು.

ರಾಯರು ನೋಡಿ ಬಿಳಿಚಿಕೊಂಡರು. "ಒಳಗ ತಗೊಂಡು ಬರ್ರಿ" ಎಂದರು. ಕುರ್ಚಿಯಲ್ಲಿ ಕೂರಿಸಿದಾಗ ಅವರು ಒಳಕೋಣೆಯ ಹೊಸ್ತಿಲ ಮೇಲೆಯೇ ನಿಂತರು. ಅಷ್ಟು ಹತ್ತಿರ ಅವರು ಬಂದದ್ದು ಅದೇ ಮೊದಲು. "ಗದ್ದದ ಕೆಳಗ ಸೀಳಬೇಕು. ಕೀವು ಹೋಗಲಿ. ಆಮ್ಯಾಲೆ ಬೇರು ತಗಿ" ಎಂದು ಅಲ್ಲಿಂದಲೇ ಹೇಳಿದರು.

ದುರುಗಣ್ಣ ಯಾರೂ ಹೇಳದೆಯೇ ಕುರ್ಚಿಯ ಹಿಂದೆ ಹೋಗಿ ನಿಂತಿದ್ದ. ಜಂಬಣ್ಣ ಕತ್ತಿಯನ್ನು ಕುದಿನೀರಿನಿಂದ ತೆಗೆದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆ ಊದಿದ ತಲೆ ದುರುಗಣ್ಣನ ಕೈಯಲ್ಲಿ ಕಲ್ಲಿನಂತೆ ನಿಂತಿತು. ಜಂಬಣ್ಣ ಕಾದ. ಹಿಂದಿನಿಂದ ಹೂಂ ಬಂದಿತು. ಸೀಳಿದ. ಮತ್ತೆ ಕಾದ, ಮತ್ತೆ ಅದೇ ದನಿ, ಬೇರಿನ ತುಂಡು ಹೊರಗೆ ಬಂದಿತು. ಗವಿಸಿದ್ದಪ್ಪ ಒಮ್ಮೆಯೂ ಕೂಗಲಿಲ್ಲ. ರಾಯರು ಹೊಸ್ತಿಲ ಮೇಲೆ ನಿಂತು ಪೂರ್ತಿ ನೋಡಿದರು.

ಆ ಹೊತ್ತಿಗೆ ತಡವಾಗಿತ್ತು. ಛತ್ರದಲ್ಲಿ ಎರಡು ದಿನ ಉಸಿರಾಡಿ, ಮೂರನೆಯ ದಿನ ಮಧ್ಯಾಹ್ನ ಗವಿಸಿದ್ದಪ್ಪ ತೀರಿಕೊಂಡ. ಅವನ ಹೆಂಡತಿ ಹೆಚ್ಚು ಅಳಲಿಲ್ಲ. ಜಂಬಣ್ಣ ಬಂಡಿಗೆ ಕೈ ಕೊಡಲು ಹೋದಾಗ, "ಆ ಅಣ್ಣ ದಾರಿ ಪೂರಾ ತಲಿ ಹಿಡಕೊಂಡ ಬಂದ. ಹಳ್ಳ ದಾಟೂವಾಗೂ ಅಳ್ಳಾಡಗೊಡಲಿಲ್ಲ. ನೀರು ಸೈತ ಕುಡೀಲಿಲ್ಲ" ಎಂದಳು. ಉಪಕಾರ ಮಾಡಿದವನ ಬಗ್ಗೆ ಹೇಳುವಂತೆ ಹೇಳಿದಳು. ಹಲ್ಲು ಕಿತ್ತವನೂ ಅವನೇ ಎಂದು ಅವಳಿಗೆ ಗೊತ್ತಿತ್ತು. "ಕೈ ಯಾರದಾದ್ರೇನು, ನಮ್ಮ ಹಣಿಬರ ಹಂಗಿತ್ತು."

ಅದೇ ಬಂಡಿಯಲ್ಲಿ ಹೆಣ ಸಿರಿಗೇರಿಗೆ ಹೋಯಿತು. ದುರುಗಣ್ಣನೂ ಹೋದ. ಇಕ್ಕಳಗಳನ್ನು ಬಟ್ಟೆಯಲ್ಲಿ ಸುತ್ತಿ ಗಂಗಕ್ಕನ ಕೈಗೆ ಕೊಟ್ಟು ಹೋದ.

ಶನಿವಾರ ಬಂದಿತು. ರಾಯರು ಬಟ್ಟಲಿನಲ್ಲಿದ್ದ ಹಲ್ಲುಗಳನ್ನು ಕಡ್ಡಿಯಿಂದ ಎಣಿಸಿ ಐದಾಣೆ ತೆಗೆದಿಟ್ಟರು. ಜಂಬಣ್ಣ ಮುಟ್ಟಲಿಲ್ಲ.

"ರಾಯರೆ, ಒಂದು ಮಾತೈತ್ರಿ."

"ಹೇಳು."

"ಹಲ್ಲು ಕೀಳೂದು ನಾ ಒಬ್ಬನ ಅಲ್ರಿ. ಗದ್ದ ಹಿಡಿದವಂದೂ ಅದರಾಗ ಅರ್ಧ ಐತ್ರಿ. ಅರ್ಧಕ್ಕಿಂತ ಹೆಚ್ಚ ಐತಿ. ಅವತ್ತು ನೀವು ಕೇಳಿದಾಗ ನಾ ಹೇಳಬೇಕಿತ್ರಿ."

ರಾಯರು ಕೋಪಿಸಿಕೊಳ್ಳಲಿಲ್ಲ. "ಮೊನ್ನೆ ಹೊಸ್ತಿಲ ಮ್ಯಾಲೆ ನಿಂತು ನೋಡಿದ್ನಲ್ಲ, ನನಗೂ ಹಂಗ ಅನಿಸ್ತು" ಎಂದರು. ಪುಸ್ತಕ ಬಿಚ್ಚಿದರು. ಅರ್ಧಾಣೆ ಎಂದಿದ್ದ ಕಡೆ ಗೆರೆ ಎಳೆದು, ಕಿತ್ತವನಿಗೆ ಅರ್ಧಾಣೆ, ಹಿಡಿದವನಿಗೆ ಅರ್ಧಾಣೆ ಎಂದು ಬರೆದರು. ನಿನ್ನದು ಕಡಿಮೆ ಮಾಡುವುದೇಕೆ, ಅಷ್ಟು ಕೊಡುವುದು ದವಾಖಾನೆಗೆ ಭಾರವಲ್ಲ ಎಂದರು. ಶಾಯಿ ಆರಲು ಊದಿದರು. ಎಲ್ಲ ಸೇರಿ ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ.

"ಇಷ್ಟ ಏನೋ? ಮೊದಲ ಹೇಳಬಾರದಾಗಿತ್ತೇನು?" ಎಂದರು.

ಜಂಬಣ್ಣ ಹೊರಗೆ ಬಂದು ಜೀನುಗಾರರ ಓಣಿಯ ಕಟ್ಟೆಯ ಮೇಲೆ ಕೂತ. ರಾಯರು ಬೈದಿದ್ದರೆ, ಆಗುವುದಿಲ್ಲ ಎಂದಿದ್ದರೆ, ಚೌಕಾಸಿ ಮಾಡಿದ್ದರೆ ಅವನಿಗೆ ಹಗುರಾಗುತ್ತಿತ್ತು. ಐದು ತಿಂಗಳು ಅವನು ಹೆದರಿದ್ದ ಬಾಗಿಲಿಗೆ ಅಗುಳಿಯೇ ಇರಲಿಲ್ಲ. ಕೋಣೆಯೂ ಉಳಿಯುತ್ತಿತ್ತು, ಕೊಟ್ರಮ್ಮನೂ ಇರುತ್ತಿದ್ದಳು, ಸಿರಿಗೇರಿಯ ಆ ಮನುಷ್ಯ ಮೆಣಸಿನಕಾಯಿ ಮಾರಿಕೊಂಡು ಊರಿಗೆ ಹೋಗುತ್ತಿದ್ದ.

ಮಾರನೆಯ ದಿನ ಬೆಳಿಗ್ಗೆ ಸಿರುಗುಪ್ಪದ ಬಂಡಿ ಹತ್ತಿದ. ಕುರುಗೋಡಿನಲ್ಲಿ ಎತ್ತು ಬಿಚ್ಚಿದಾಗ ಅಣ್ಣನ ಮನೆಗೆ ಹೋಗಲಿಲ್ಲ. ಬಂಡಿಯಲ್ಲೇ ಬುತ್ತಿ ಬಿಚ್ಚಿ, ಉಣ್ಣಲಾಗದೆ ಕಟ್ಟಿದ.

ದುರುಗಣ್ಣ ಸಿಕ್ಕಿದ್ದು ಕಾಲುವೆಯ ಹತ್ತಿರ, ತಂಗಿಯ ಮನೆಯ ಅಂಗಳದಲ್ಲಿ, ಭತ್ತದ ಹುಲ್ಲು ಒಟ್ಟುತ್ತಿದ್ದ. ಜಂಬಣ್ಣನನ್ನು ಕಂಡು ಕೆಲಸ ನಿಲ್ಲಿಸಲಿಲ್ಲ. "ಬಾ. ಬಿಸಲಾಗ ಬಂದೀ. ನೀರು ಕುಡೀತೀಯೇನು?"

"ರಾಯರಿಗೆ ಹೇಳಿದೆ, ಅಣ್ಣ."

"ಏನಂದ್ರು?"

"ಇಬ್ಬರಿಗೂ ಅರ್ಧರ್ಧಾಣೆ ಅಂದ್ರು. ಪುಸ್ತಕದಾಗ ಬರದ್ರು."

ದುರುಗಣ್ಣ ಒಂದು ಹೊರೆ ಎತ್ತಿ ಬಣಿವೆಯ ಮೇಲೆ ಒಗೆದ. "ಚಲೋ ಆತು."

"ನೀ ಬಾ. ನನಗ ಬೈ, ನಾಕು ಮಂದಿ ಮುಂದ ಹೊಡಿ, ನಾ ಏನೂ ಅನ್ನಂಗಿಲ್ಲ. ತಪ್ಪು ನನ್ನದು. ಅವತ್ತು ನಾನ್ರಿ ಅಂದೆನಲ್ಲ, ಅಲ್ಲಿ ಶುರುವಾತು."

ದುರುಗಣ್ಣ ಆಗ ಕೂತ. ಹುಲ್ಲಿನ ಮೇಲೆ, ಮೊಳಕಾಲಿಗೆ ಕೈ ಕಟ್ಟಿ. "ಅವತ್ತು ನಾ ನಿನ್ನ ಮಖ ನೋಡಿದೆ" ಎಂದ. "ನೀ ಸುಳ್ಳು ಹೇಳಲಿಲ್ಲ. ಕೀಳಾಂವ ನೀನ ಇದ್ದಿ. ಸುಳ್ಳು ಹೇಳಿದ್ದಿ ಅಂದ್ರ ಅವತ್ತ ಕಪಾಳಕ್ಕ ಕೊಟ್ಟು ಮರತಬಿಡ್ತಿದ್ದೆ. ಖರೇ ಹೇಳಿದಿ ನೋಡು, ಅದಕ್ಕ ನನಗ ಏನು ಮಾಡಬೇಕಂತ ತಿಳೀಲಿಲ್ಲ."

ಜಂಬಣ್ಣ ಅವನ ಎದುರಿಗೆ ಹುಲ್ಲಿನ ಮೇಲೆ ಕೂತ.

"ನೀ ಅದನ್ನೆಲ್ಲ ನಿನ್ನ ತಲಿ ಮ್ಯಾಲೆ ಹಾಕ್ಕೋಬ್ಯಾಡ" ಎಂದ ದುರುಗಣ್ಣ. "ಹಿಡಿಯವರಿಲ್ಲದ ಕೀಳಬಾರದು ಅಂತ ನಿನಗಿಂತ ನನಗ ಹೆಚ್ಚು ಗೊತ್ತಿತ್ತು. ಗೊತ್ತಿದ್ದು ಕೂತೆ. ಹಿಡಿಯೂದು ದೊಡ್ಡ ಕೆಲಸ ಅಲ್ಲ ಅಂತ ರಾಯರ ಮುಂದ ನನ್ನ ಬಾಯಿಂದ ನಾನ ಅಂದೆ. ಯಾರ ಮ್ಯಾಲಿನ ಸಿಟ್ಟು ಯಾರ ದವಡಿಗೆ ಬಿತ್ತು ನೋಡು."

"ಬಳ್ಳಾರ್ಯಾಗ ಮಂದಿ ಕೇಳಾಕ ಹತ್ಯಾರ ನಿನ್ನ."

"ಕೇಳಲಿ. ಆ ಹೆಣ್ಣಮಗಳು ನನಗ ಒಂದು ಕೆಟ್ಟ ಮಾತು ಅನ್ನಲಿಲ್ಲ, ಜಂಬಾ. ಮೊನ್ನೆ ಹೋಗಿದ್ದೆ, ಉಂಡು ಹೋಗು ಅಂದ್ಲು. ಹೆಂಗ ಉಣ್ಣೂದು?" ಅವನು ತನ್ನ ಎರಡು ಕೈಗಳನ್ನೂ ಮುಂದೆ ಹಿಡಿದು ನೋಡಿದ, ಯಾರದೋ ಸಾಮಾನನ್ನು ನೋಡುವಂತೆ. "ಇನ್ನ ನಾ ಯಾರ ಮಖಕ್ಕೂ ಕೈ ಹಚ್ಚಂಗಿಲ್ಲ. ಹುಲ್ಲು ಹೊರತೀನಿ, ಸಾಕು. ನೀ ಹೋಗು, ಬಂಡಿ ಹೊರಡತೈತಿ."

ತಂಗಿ ತಂದ ಮಜ್ಜಿಗೆ ಕುಡಿದು ಜಂಬಣ್ಣ ಹೊರಟ. ಅಂಗಳ ದಾಟುವಾಗ ಹಿಂತಿರುಗಿ ನೋಡಿದ. ದುರುಗಣ್ಣ ಎದ್ದು ಮುಂದಿನ ಹೊರೆಗೆ ಬಗ್ಗಿದ್ದ.

ಯುಗಾದಿ ಕಳೆದ ಮೇಲೆ ರಾಯರು ಮೋಕದಿಂದ ಮರಿಬಸಪ್ಪ ಎಂಬವನನ್ನು ಕರೆಸಿದರು. ಇಪ್ಪತ್ತೈದರ ಆಳು, ಗರಡಿಯಲ್ಲಿ ಪಳಗಿದ ಮೈ, ನಗುಮುಖ. ಸಂಬಳ ಆರು ರೂಪಾಯಿ, ಮೇಲೆ ಹಲ್ಲಿಗೆ ಅರ್ಧಾಣೆ ಎಂದಾಗ ಅವನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ.

"ಹಿಡಿದಿದ್ದಕ್ಕ ಇಷ್ಟು ಕೊಡ್ತಾರ? ಚಲೋ ರಾಯರದಾರ" ಎಂದ ಒಳಕೋಣೆಗೆ ಬಂದು.

"ಹೌದು, ಚಲೋ ಅದಾರ" ಎಂದ ಜಂಬಣ್ಣ.

ಬಾಗಿಲ ಬಿಸಿಲಲ್ಲಿ ರಾಯರು ಒಬ್ಬ ಮುದುಕನ ಬಾಯಿಗೆ ಕಡ್ಡಿ ತೋರಿಸಿ, "ಬಲಗಡೆ, ಕೆಳಗಿಂದು, ಕಡೀದು" ಎನ್ನುತ್ತಿದ್ದರು. ಗಂಗಕ್ಕ ಮುದುಕನನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿದಳು. ಮರಿಬಸಪ್ಪ ತೋಳು ಮಡಚಿ ಹಿಂದೆ ಹೋಗಿ ನಿಂತ.

"ಹೆಂಗ ಹಿಡಿಬೇಕು, ಹೇಳಿಕೊಡಣ್ಣ. ಎಡಗೈ ಎಲ್ಲಿಡ್ಲಿ?"

ಜಂಬಣ್ಣ ಇಕ್ಕಳ ಹಿಡಿದು ಮುಂದೆ ನಿಂತಿದ್ದ. ಎಡಗೈ ಹಣೆಯ ಮೇಲಿತ್ತೇ, ಕಿವಿಯ ಹಿಂದೆ ಇತ್ತೇ? ತಲೆ ಎದೆಗೆ ಒತ್ತಿತ್ತೇ, ಹೊಟ್ಟೆಗೆ ಒತ್ತಿತ್ತೇ? ಹೆಬ್ಬೆರಳು ಎಲ್ಲಿರುತ್ತಿತ್ತು? ಅವನು ಕಣ್ಣು ಮುಚ್ಚಿ ನೆನೆದ. ಹತ್ತು ವರ್ಷದ ಸಾವಿರ ಬಾಯಿಗಳು, ಸಾವಿರ ಹಲ್ಲುಗಳು ಒಂದೊಂದೂ ಕಣ್ಣ ಮುಂದೆ ಬಂದವು. ಅವುಗಳ ಹಿಂದೆ ಇದ್ದ ಕೈ ಬರಲಿಲ್ಲ.

"ಎಲ್ಲಿಡ್ಲಿ ಅಣ್ಣ?" ಎಂದು ಮರಿಬಸಪ್ಪ ಮತ್ತೆ ಕೇಳಿದ.

"ನನಗ ಗೊತ್ತಿಲ್ಲಪ್ಪ" ಎಂದ ಜಂಬಣ್ಣ.